ಮೆತ್ತಗಿರೋ ಹುಡುಗ ಗಟ್ಟಿಯಾಗಬೇಕಾದ್ರೆ ಒರಟನಾಗಲೇಬೇಕಾ? ವಿಶ್ವನಾಥ್ ನೆಪದಲ್ಲಿ ಒಂದು ಚರ್ಚೆ

ಭದ್ರಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹದಿಮೂರು ವರ್ಷ. ಬೆಂಗಳೂರಿನ ಒಂದು ಕ್ರಿಕೆಟ್ ಕೋಚಿಂಗ್ ಸೆಂಟರ್‌ಗೆ ಹೋಗ್ತಾನೆ, ಒನ್ ಡೌನ್ ಬ್ಯಾಟ್ಸ್‌ಮನ್. ಹೋದ ತಿಂಗಳು ಒಂದು ಮ್ಯಾಚ್‌ನಲ್ಲಿ ರನ್ ಓಡುವಾಗ ಎದುರು ತಂಡದ ಬೌಲರ್‌ಗೆ ಡಿಕ್ಕಿ ಹೊಡೆದ. ಆ ಹುಡುಗ ಕೆಳಗೆ ಬಿದ್ದ. ಇವನು ಕ್ರೀಸ್ ಮುಟ್ಟಿ, ವಾಪಸ್ ಬಂದು, ಕೈ ಕೊಟ್ಟು ಎಬ್ಬಿಸಿ ಸಾರಿ ಅಂದ. ಮ್ಯಾಚ್ ಮುಗಿದ ಮೇಲೆ ಕೋಚ್ ಎಲ್ಲರ ಎದುರಿಗೆ ಇವನನ್ನ ನಿಲ್ಲಿಸಿಕೊಂಡು, ನೀನು ತೀರಾ ಮೆತ್ತಗಿದೀಯ, ಬೌಲರ್‌ನ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಕಲಿ, ಒಂದು ಮಾತು ಬಂದ್ರೆ ಎರಡು ವಾಪಸ್ ಕೊಡು ಅಂದರಂತೆ. ಹುಡುಗ ಮನೆಗೆ ಬಂದು ಊಟ ಮಾಡಲಿಲ್ಲ.

ನಾನು ಹೋಗಿ ಕೋಚ್ ಹತ್ತಿರ ಮಾತಾಡಿದೆ. ನಮ್ಮದು ಭದ್ರಾವತಿ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅಂತ ಹೇಳಿಕೊಂಡೇ ಬೆಳೆದವರು ನಾವು. ಹಾಗಾಗಿ ಸಹಜವಾಗಿಯೇ ಬಾಂಬೆ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದ ಅವರು, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನ ವಾಪಸ್ ಕರೆಸಿದ ವಿಷಯ ತೆಗೆದೆ. ನಮ್ಮಪ್ಪ ಅದನ್ನ ದೊಡ್ಡತನಕ್ಕೆ ಉದಾಹರಣೆಯಾಗಿ ಹೇಳ್ತಿದ್ದರು. ಕೋಚ್ ಥಟ್ಟನೆ, "ಸರಿ ಸಾರ್, ಆಮೇಲೆ ಆ ಮ್ಯಾಚ್ ಯಾರು ಗೆದ್ದರು ಅಂತಾನೂ ಮಗನಿಗೆ ಹೇಳಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅದಕ್ಕೇ ಇಲ್ಲಿ ಕೇಳ್ತಿದೀನಿ. ಸೌಮ್ಯವಾಗಿದ್ದೂ ಎದೆಗಾರಿಕೆ ಇಟ್ಟುಕೊಳ್ಳೋದು ಸಾಧ್ಯವಾ? ಅದನ್ನ ಮಕ್ಕಳಿಗೆ ಕಲಿಸೋಕೆ ಆಗುತ್ತಾ? ಕ್ರಿಕೆಟ್‌ನಿಂದಲೇ ಹೇಳಬೇಕು ಅಂತೇನಿಲ್ಲ.

ಹಳೇ ಸ್ಕೋರ್‌ಕಾರ್ಡ್

ಮೊದಲು ಆ ಮ್ಯಾಚ್ ಏನಾಯ್ತು ಅಂತ ಪೂರ್ತಿ ಇಡ್ತೀನಿ, ಆಮೇಲೆ ಜಗಳ ಮಾಡೋಣ.

1980ರ ಫೆಬ್ರವರಿ, ವಾಂಖೆಡೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆ ಅಂತ ಇಂಗ್ಲೆಂಡ್ ವಿರುದ್ಧ ಇಟ್ಟಿದ್ದ ಒಂದೇ ಒಂದು ಟೆಸ್ಟ್. ನಾವು ಮೊದಲು 242ಕ್ಕೆ ಆಲೌಟ್. ಇಂಗ್ಲೆಂಡ್ 58ಕ್ಕೆ 5. ಬೋಥಮ್ ಜೊತೆ ವಿಕೆಟ್ ಕೀಪರ್ ಟೇಲರ್ ನಿಂತಿದ್ದ. ಕಪಿಲ್ ಎಸೆತಕ್ಕೆ, ಚೆಂಡು ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿತು ಅಂತ ಕಾಟ್ ಬಿಹೈಂಡ್ ಅಪೀಲ್ ಆಯ್ತು, ಅಂಪೈರ್ ಬೆರಳೆತ್ತಿದರು. ಟೇಲರ್ ಹೊರಡಲು ಹಿಂದುಮುಂದು ನೋಡಿದ. ಫಸ್ಟ್ ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಬ್ಯಾಟಿಗೆ ಚೆಂಡು ತಾಗಿಲ್ಲ ಅಂತ ಖಾತ್ರಿಯಾಯ್ತು. ಅಂಪೈರ್ ಹತ್ತಿರ ಹೋಗಿ ಮಾತಾಡಿ ಟೇಲರ್‌ನ ಉಳಿಸಿದರು.

ಆಮೇಲೆ ಬೋಥಮ್ ಮತ್ತು ಟೇಲರ್ ಆರನೇ ವಿಕೆಟ್‌ಗೆ 171 ಸೇರಿಸಿದರು. ಬೋಥಮ್ 114, ಟೇಲರ್ 43, ಇಂಗ್ಲೆಂಡ್ 296. ನಾವು ಎರಡನೇ ಸರದಿಯಲ್ಲಿ 149. ಅವರು ವಿಕೆಟ್ ನಷ್ಟವಿಲ್ಲದೆ 98 ಹೊಡೆದು ಹತ್ತು ವಿಕೆಟ್‌ನಿಂದ ಗೆದ್ದರು.

ಅಂದ್ರೆ ಕೋಚ್ ಹೇಳಿದ್ದು ಸುಳ್ಳಲ್ಲ. ಆದ್ರೆ ಅದೇ ಮ್ಯಾಚ್‌ನಲ್ಲಿ ಬೋಥಮ್ 13 ವಿಕೆಟ್ ತೆಗೆದಿದ್ದಾನೆ, ಮೊದಲ ಸರದಿಯಲ್ಲಿ 6, ಎರಡನೆಯದರಲ್ಲಿ 7. ಅವನೆದುರು 242 ಮತ್ತು 149 ಹೊಡೆದ ತಂಡ ಸೋತದ್ದಕ್ಕೆ ನಾಯಕನ ಸೌಜನ್ಯ ಒಂದನ್ನೇ ಹೊಣೆ ಮಾಡೋದು ನ್ಯಾಯ ಅಲ್ಲ.

ಲೆಕ್ಕದ ಮೇಷ್ಟ್ರು

ನನ್ನ ತಕರಾರು ಸೋಲು ಗೆಲುವಿನದಲ್ಲ. ವಿಶ್ವನಾಥ್ ಬ್ಯಾಟ್ ಮಾಡುವಾಗ ತಾವೇ ಔಟ್ ಅಂತ ನಡೆದು ಹೋಗಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೀತೀನಿ. ಅದು ಅವರ ಸ್ವಂತದ್ದು, ಅವರು ಬಿಟ್ಟುಕೊಡಬಹುದು. ಇಲ್ಲಿ ಬಿಟ್ಟುಕೊಟ್ಟದ್ದು ಕಪಿಲ್ ಬೆವರು ಸುರಿಸಿ ಗಳಿಸಿದ ವಿಕೆಟ್. ಹತ್ತು ಜನ ಬಿಸಿಲಲ್ಲಿ ನಿಂತಿದ್ದರು. ಬೇರೆಯವರ ಪಾಲಿನದ್ದನ್ನ ದಾನ ಮಾಡಿ ನಾವು ಉದಾರಿ ಅನ್ನಿಸಿಕೊಳ್ಳೋದು ಸುಲಭ. ಮನೆಯಲ್ಲೂ ಇಂಥವರನ್ನ ನೋಡಿದೀವಲ್ಲ, ಊರಿಗೆಲ್ಲ ಒಳ್ಳೆಯವರು, ಅದರ ಖರ್ಚೆಲ್ಲ ಹೆಂಡತಿ ಮಕ್ಕಳ ಮೇಲೆ. ನಾಯಕನಾದವನಿಗೆ ತನ್ನ ಜನರ ಪರ ನಿಲ್ಲೋ ಗಟ್ಟಿತನವೂ ಬೇಕು. ಮೃದು ಮನಸ್ಸು ಅಂತ ಅದನ್ನ ಬಿಡೋಕಾಗಲ್ಲ.

ಸ್ಕ್ವೇರ್‌ಕಟ್

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದ್ರೆ ಒಂದು ಕಡೆ ಒಪ್ಪೋಕಾಗಲ್ಲ. ಚೆಂಡು ಬ್ಯಾಟಿಗೆ ತಾಗಿರಲಿಲ್ಲ ಅಂದಮೇಲೆ ಆ ವಿಕೆಟ್ ಕಪಿಲ್‌ದೂ ಆಗಿರಲಿಲ್ಲ, ತಂಡದ್ದೂ ಆಗಿರಲಿಲ್ಲ. ನಮ್ಮದಲ್ಲದ್ದನ್ನ ವಾಪಸ್ ಕೊಡೋದು ದಾನ ಹೇಗಾಗುತ್ತೆ?

ಇನ್ನು ಅವರು ನಿಂತಿದ್ದ ಜಾಗ ನೋಡಿ. ಮಂಡಳಿಯ ಸುವರ್ಣ ಮಹೋತ್ಸವದ ಮ್ಯಾಚ್. ಅಂಪೈರ್ ಆಗಲೇ ಬೆರಳೆತ್ತಿದ್ದಾರೆ, ಸುಮ್ಮನಿದ್ದರೆ ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ. ನಾಯಕನಾಗಿ ಅದು ಅವರ ಎರಡನೇ ಟೆಸ್ಟ್. ಅದೇ ಕೊನೆಯದೂ ಆಯ್ತು. ಅಷ್ಟು ಜನರ ಎದುರು, ತನ್ನ ತಂಡದ ಹತ್ತು ಜನ ಕುಣಿದಾಡ್ತಿರುವಾಗ, ಇಲ್ಲ ಇದು ಔಟಲ್ಲ ಅನ್ನೋಕೆ ಎಂಥ ಎದೆ ಬೇಕು ಯೋಚನೆ ಮಾಡಿ. ಬೌಲರ್‌ನ ಗುರಾಯಿಸಿ ನೋಡೋಕೆ ಅದರ ಕಾಲುಭಾಗವೂ ಬೇಡ.

ಮತ್ತೆ, ಅವರನ್ನ ಬರೀ ಮೆತ್ತಗಿನ ಮನುಷ್ಯ ಅಂತ ಮಾಡಿ ಕೂರಿಸೋದೂ ತಪ್ಪು. 1975ರ ಜನವರಿ, ಚೆಪಾಕ್. ವೆಸ್ಟ್ ಇಂಡೀಸ್‌ನ ವೇಗದ ಬೌಲರ್ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ತೆಗೆದ ಸರದಿ. ಹೆಲ್ಮೆಟ್ ಇಲ್ಲದ ಕಾಲ. ಭಾರತದ ಒಟ್ಟು 190ರಲ್ಲಿ ಈ ಕುಳ್ಳ ಮನುಷ್ಯನದೇ 97, ನಾಟೌಟ್. ಆ ಸರದಿಯ ವಿಷಯ ಬಂದಾಗೆಲ್ಲ ಜನ ಕೊಂಡಾಡೋದು ಅವರ ಕಟ್. ಎದೆ ಎತ್ತರಕ್ಕೆ ನುಗ್ಗಿ ಬರೋ ಚೆಂಡಿನಿಂದ ತಲೆ ಹಿಂದೆ ಎಳೆದುಕೊಳ್ಳೋದಿಲ್ಲ. ಹಿಂಗಾಲಿನ ಮೇಲೆ ಹೋಗಿ, ಚೆಂಡು ಇನ್ನೇನು ದಾಟಿ ಹೋಯ್ತು ಅನ್ನೋವರೆಗೂ ಕಾದು, ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಪಾಯಿಂಟ್ ಪಕ್ಕದಿಂದ ಕಳಿಸೋದು. ಹೊಡೆತದಲ್ಲಿ ಸಿಟ್ಟು ಕಾಣಲ್ಲ, ಹೆದರಿಕೆಯೂ ಕಾಣಲ್ಲ. ಆ ಮ್ಯಾಚ್ ನಾವು 100 ರನ್‌ಗೆ ಗೆದ್ವಿ. ಕೊನೆಗೆ ಚಂದ್ರಶೇಖರ್ ಔಟಾಗಿ ಶತಕಕ್ಕೆ ಮೂರೇ ರನ್ ಉಳಿದುಹೋಯ್ತು. ಅದಕ್ಕೆ ಅವರು ಚಂದ್ರ ಮೇಲೆ ಗೊಣಗಿದ್ದನ್ನ ಕೇಳಿದವರಿಲ್ಲ.

1969ರಲ್ಲಿ ಕಾನ್ಪುರದಲ್ಲಿ ಅವರು ಆಡಿದ ಮೊಟ್ಟಮೊದಲ ಟೆಸ್ಟ್ ಕೂಡ ನೆನೆಸಿಕೊಳ್ಳಿ. ಮೊದಲ ಸರದಿ ಸೊನ್ನೆ, ಎರಡನೆಯದರಲ್ಲಿ 137.

ಪೇಡೆನಗರಿ ಅಕ್ಕೋರು

ಎಲ್ಲಾರೂ ಗಂಡುಹುಡುಗರ ಮಾತ ಆಡಾಕತ್ತೀರಿ. ನಾ ಧಾರವಾಡ ಕಡೆ ಒಂದು ಸಾಲ್ಯಾಗ ಪಿ.ಟಿ. ಟೀಚರ್ ಅದೀನಿ. ನಮ್ಮ ಕಡೆ ಹುಡುಗ್ಯಾರಿಗೆ ತಲಿ ತಗ್ಗಿಸಿ ನಡಿ, ದನಿ ಏರಸಬ್ಯಾಡ ಅಂತನ ಕಲಸ್ತಾರ. ಧೈರ್ಯ ಮಾಡಿ ಒಂದು ಮಾತು ಆಡಿದ್ರ ಗಯ್ಯಾಳಿ ಅಂತಾರ. ಗಂಡುಹುಡುಗ ಸಾರಿ ಅಂದ್ರ ಅಂವಾ ಮೆತ್ತಗ ಅಂತಾರ. ಎರಡೂ ಕಡೆ ಮಕ್ಕಳನ್ನ ಅರ್ಧಾ ಮಾಡಿಟ್ಟೇವಿ ಅಂತ ನನಗ ಅನಸ್ತೈತಿ.

ಒಂದು ಹುಡುಗಿ ಬಗ್ಗೆ ಹೇಳತೀನಿ. ತಾಲೂಕು ಮಟ್ಟದ ಖೋ ಖೋ, ಕಡೇ ಟರ್ನ್, ಒಂದು ಪಾಯಿಂಟಿನ ಮ್ಯಾಲೆ ಆಟ ನಿಂತಿತ್ತು. ಇಕಿ ಡೈವ್ ಹೊಡದ್ಲು, ಅಂಪೈರ್ ಸೀಟಿ ಊದಿ ಔಟ್ ಕೊಟ್ರು. ನಮ್ಮ ಹುಡುಗ್ಯಾರು ಎಲ್ಲಾ ಕೂಗಾಕ ಹತ್ಯಾರ. ಇಕಿ ಮಣ್ಣಾಗಿಂದ ಎದ್ದು, ಮೊಣಕೈ ಕೆತ್ತಿ ರಕ್ತ ಬರಾಕತ್ತಿತ್ತು, ಸೀದಾ ಅಂಪೈರ್ ಮುಂದ ಹೋಗಿ, "ಸರ್, ನನ್ನ ಕೈ ಅಕಿಗೆ ಮುಟ್ಟಿಲ್ಲ" ಅಂದ್ಲು. ಸೋತು ಬಂದ್ವಿ. ಬಸ್ಸಿನ್ಯಾಗ ಯಾರೂ ಅಕಿ ಜೋಡಿ ಮಾತಾಡಲಿಲ್ಲ. ಅಕಿ ಕಿಟಕಿ ಕಡೆ ಮುಖಾ ಮಾಡಿ ಕುಂತಿದ್ಲು, ಆದ್ರ ಅಳಲಿಲ್ಲ.

ಅದ ವರ್ಷ ಸಾಲ್ಯಾಗ ಹುಡುಗ್ಯಾರ ಶೌಚಾಲಯಕ್ಕ ಬೀಗ ಹಾಕಿ ಕೀಲಿ ಆಫೀಸಿನ್ಯಾಗ ಇಡ್ತಿದ್ರು. ಕೇಳಾಕ ನಾಚಿಕಿ ಆಗಿ ಹುಡುಗ್ಯಾರು ದಿನಪೂರ್ತಿ ನೀರ ಕುಡೀತಿದ್ದಿಲ್ಲ. ಪಾಲಕರ ಸಭಾದಾಗ ಎದ್ದು ನಿಂತು ಅದನ್ನ ಹೇಳಿದಾಕಿ ಇಕೀನ. ದನಿ ಏರಿಸಲಿಲ್ಲ, ಯಾರಿಗೂ ಬೈಲಿಲ್ಲ, ಆದ್ರ ಕುಂಡರು ಅಂದ್ರೂ ಕುಂಡರಲಿಲ್ಲ. ಮರುದಿನದಿಂದ ಬೀಗ ತಗದ್ರು.

ಮೈದಾನದಾಗ ತನ್ನ ತಂಡಕ್ಕ ನಷ್ಟ ಆಗೂ ಖರೇ ಮಾತು ಹೇಳಿದ ಬಾಯೀನ ಸಭಾದಾಗ ದೊಡ್ಡವರಿಗೆ ಬ್ಯಾಡಾದ ಖರೇ ಮಾತನ್ನೂ ಹೇಳ್ತು. ಎರಡೂ ಬ್ಯಾರೆ ಬ್ಯಾರೆ ಗುಣ ಅಂತ ನನಗ ಅನ್ನಸೂದಿಲ್ಲ. ಭದ್ರಾವತಿ ಅಣ್ಣಾರ, ನಿಮ್ಮ ಮಗಾ ಬಿದ್ದ ಹುಡುಗನ್ನ ಎಬ್ಬಿಸ್ಯಾನ. ಅದನ್ನ ಬಿಡಸಬ್ಯಾಡ್ರಿ.

ಲೀಗ್ ಆಡಿದವ

ಅಕ್ಕೋರ ಮಾತು ಮನಸ್ಸಿಗೆ ತಟ್ಟಿತು. ಆದರೂ ಇನ್ನೊಂದು ಮಗ್ಗುಲು ಹೇಳಲೇಬೇಕು. ನಾನು ಬೆಂಗಳೂರಿನಲ್ಲಿ ಡಿವಿಷನ್ ಲೀಗ್ ಆಡಿದವನು. ನಾನೂ ಈ ಹುಡುಗನ ಥರವೇ ಇದ್ದೆ. ಸೆಲೆಕ್ಷನ್ ಟ್ರಯಲ್ಸ್‌ನಲ್ಲಿ ನೂರಾರು ಹುಡುಗರು, ನೆಟ್‌ನಲ್ಲಿ ಒಬ್ಬೊಬ್ಬನಿಗೆ ಸಿಗೋದು ಕೆಲವೇ ಚೆಂಡು. ಅಲ್ಲಿ ಮುಂದೆ ನುಗ್ಗಿ ಪ್ಯಾಡ್ ಕಟ್ಟಿಕೊಂಡವನಿಗೆ ಒಳ್ಳೆಯ ಬೆಳಕಲ್ಲಿ ಬ್ಯಾಟಿಂಗ್ ಸಿಗುತ್ತೆ, "ನೀವು ಹೋಗಿ, ನೀವು ಹೋಗಿ" ಅಂತ ದಾರಿ ಬಿಟ್ಟವನಿಗೆ ಸಂಜೆ ಮಬ್ಬಲ್ಲಿ ಸಿಗುತ್ತೆ. ಸೆಲೆಕ್ಟರ್‌ಗಳು ನೋಡೋದು ಎದುರಿಗೆ ಕಂಡಿದ್ದನ್ನ. ಒಳಗಿನ ಒಳ್ಳೆಯತನ ಅವರಿಗೆ ಕಾಣಲ್ಲ.

ನನಗೆ ಯಾರೂ ಬೈಯೋದು ಕಲಿಸಬೇಕಿರಲಿಲ್ಲ. ಗಟ್ಟಿಯಾಗಿ "ನೋ" ಅಂತ ಕೂಗೋದನ್ನ ಯಾರಾದ್ರೂ ಕಲಿಸಿದ್ದರೆ ಸಾಕಿತ್ತು. ರನ್ ಓಡುವಾಗ ಎದುರಿನವನು ಸೀನಿಯರ್ ಆಗಿದ್ದರೆ ಓಡು, ಬೇಡ ಅನ್ನೋ ಅವನ ಕೂಗಿಗೇ, ಅಂದ್ರೆ ಕಾಲ್‌ಗೇ ಕಾಯೋದು, ರನ್ ಇಲ್ಲ ಅಂತ ಗೊತ್ತಿದ್ದೂ ಸಂಕೋಚಕ್ಕೆ ಓಡೋದು, ಔಟಾಗಿ ಸುಮ್ಮನೆ ಬರೋದು. ನೋಡುವವರು ಇದಕ್ಕೆ ಒಳ್ಳೆಯ ಹುಡುಗ ಅಂತ ಹೆಸರಿಡ್ತಾರೆ. ಇದರಲ್ಲಿ ಒಳ್ಳೆಯತನ ಏನೂ ಇಲ್ಲ, ಬರೀ ಅಂಜಿಕೆ. ಭದ್ರಾತೀರ ಅವರೇ, ನಿಮ್ಮ ಮಗನದು ಯಾವುದು ಅಂತ ನೀವೇ ನೋಡಬೇಕು. ಸಾರಿ ಕೇಳಿದ್ದನ್ನ ಬಿಡಿ, ಅದು ಸರಿಯಾಗೇ ಇದೆ. ಕ್ರೀಸ್‌ನಲ್ಲಿ ಅವನ ಕಾಲ್ ಬೌಂಡರಿ ತನಕ ಕೇಳುತ್ತಾ?

ಕುಂಬ್ಳೆ ಸರ್ಕಲ್

ಸ್ವಭಾವದಲ್ಲಿ ಗಂಭೀರ, ಮಾತಲ್ಲಿ ಮಿತ, ಆದ್ರೆ ಎದೆಗಾರಿಕೆಗೆ ಕೊರತೆಯಿಲ್ಲ ಅನ್ನೋದಕ್ಕೆ ಕುಂಬ್ಳೆಗಿಂತ ಬೇಕಾ? 2002ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಂಟಿಗಾದಲ್ಲಿ ದವಡೆ ಮುರಿದಿತ್ತು. ತಲೆಗೂ ಗದ್ದಕ್ಕೂ ಸೇರಿಸಿ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ, ಲಾರಾನ ಎಲ್‌ಬಿಡಬ್ಲ್ಯೂ ಮಾಡಿ, ಆಮೇಲೆ ಆಪರೇಷನ್‌ಗೆ ಅಂತ ಊರಿಗೆ ವಿಮಾನ ಹತ್ತಿದರು. ಇದು ಎಲ್ಲರಿಗೂ ಗೊತ್ತು, ಆ ಫೋಟೋ ಮನೆಮನೆಯಲ್ಲಿದೆ.

ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು 2008ರ ಜನವರಿ, ಆಸ್ಟ್ರೇಲಿಯಾ ವಿರುದ್ಧದ ಸಿಡ್ನಿ ಟೆಸ್ಟ್. ಅಂಪೈರಿಂಗ್ ಎಡವಟ್ಟುಗಳು, ಹರ್ಭಜನ್ ಮತ್ತು ಸೈಮಂಡ್ಸ್ ಗಲಾಟೆ, ಕೊನೇ ದಿನ ಆಟ ಮುಗಿಯೋಕೆ ಕೆಲವೇ ನಿಮಿಷ ಇರುವಾಗ ಕ್ಲಾರ್ಕ್ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ಕಿತ್ತು 122 ರನ್ ಸೋಲು. ಇನ್ನೊಂದು ತುದಿಯಲ್ಲಿ ನಾಯಕ ಕುಂಬ್ಳೆ 45 ಹೊಡೆದು ಅಜೇಯ. ಅವತ್ತು ಅವರು ಪತ್ರಕರ್ತರ ಮುಂದೆ ಕೂತು ಏನು ಬೇಕಾದ್ರೂ ಅನ್ನಬಹುದಿತ್ತು. ಕ್ರೀಡಾಸ್ಫೂರ್ತಿಯಿಂದ ಆಡಿದ್ದು ಒಂದೇ ತಂಡ ಅನ್ನೋ ಅರ್ಥದ ಒಂದೇ ವಾಕ್ಯ ಹೇಳಿದರು. ಯಾರ ಹೆಸರೂ ಎತ್ತಲಿಲ್ಲ. 1933ರಲ್ಲಿ ಅಡಿಲೇಡ್‌ನಲ್ಲಿ ಬಾಡಿಲೈನ್ (ಬ್ಯಾಟ್ಸ್‌ಮನ್ ಮೈಗೇ ಗುರಿಯಿಟ್ಟ ಬೌಲಿಂಗ್) ಗಲಾಟೆ ಹೊತ್ತಿಗೆ ಆಸ್ಟ್ರೇಲಿಯಾದ ನಾಯಕ ವುಡ್‌ಫುಲ್ ಇಂಗ್ಲೆಂಡಿನವರಿಗೆ ಅಂದಿದ್ದ ಮಾತಿಗೆ ಇದು ಹತ್ತಿರದ್ದು. ಆಸ್ಟ್ರೇಲಿಯಾದವರ ನೆಲದಲ್ಲಿ, ಅವರದೇ ಇತಿಹಾಸದ ಮಾತು. ಅದಕ್ಕಿಂತ ಗಟ್ಟಿಯಾದ ಪೆಟ್ಟು ಇನ್ನೊಂದಿಲ್ಲ.

ಆಮೇಲೆ ಪರ್ತ್‌ಗೆ ಹೋಗಿ 72 ರನ್‌ಗಳಿಂದ ಗೆದ್ದರು. ಅಲ್ಲೇ ಕುಂಬ್ಳೆಗೆ 600ನೇ ವಿಕೆಟ್. ಸೈಮಂಡ್ಸ್ ಔಟ್, ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದದ್ದು ದ್ರಾವಿಡ್.

ತೀರ್ಥಳ್ಳಿ ಮಳೆ

ದ್ರಾವಿಡ್ ಹೆಸರು ಬಂತಲ್ಲ, ಮುಲ್ತಾನ್ ಬಿಟ್ಟರೆ ಹೇಗೆ. 2004ರ ಮಾರ್ಚ್, ಪಾಕಿಸ್ತಾನದ ವಿರುದ್ಧ, ಗಂಗೂಲಿಗೆ ಗಾಯ, ಹಂಗಾಮಿ ನಾಯಕ ದ್ರಾವಿಡ್. ಸೆಹ್ವಾಗ್ 309 ಹೊಡೆದಾಗಿತ್ತು. ತೆಂಡೂಲ್ಕರ್ 194ರಲ್ಲಿ, ದ್ವಿಶತಕಕ್ಕೆ ಆರೇ ರನ್ ಬಾಕಿ ಇರುವಾಗಲೇ 675ಕ್ಕೆ 5 ಅಂತ ಡಿಕ್ಲೇರ್ ಮಾಡಿ ಸರದಿ ಮುಗಿಸಿದರು. ದೇಶವೇ ಉರಿದುಬಿತ್ತು. ಆ ತೀರ್ಮಾನ ಸರಿಯೋ ತಪ್ಪೋ, ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ. ಇನ್ನೊಂದೆರಡು ಓವರ್ ಕಾಯಬಹುದಿತ್ತು ಅನ್ನಿಸುತ್ತೆ. ಆದ್ರೆ ಜಗಳ ಅಂದ್ರೆ ದೂರ ಇರೋ ಮನುಷ್ಯ, ದೇಶದಲ್ಲಿ ಯಾರಾದ್ರೂ ಮಾಡಲು ಹೆದರುವ ಕೆಲಸವನ್ನ ತಂಡಕ್ಕೆ ಸರಿ ಅಂತ ಕಂಡಿದ್ದಕ್ಕೆ ಮಾಡಿದ. ಇನಿಂಗ್ಸ್ ಮತ್ತು 52 ರನ್‌ಗೆ ಗೆದ್ದದ್ದು ಬೇರೆ ಮಾತು, ಡ್ರಾ ಆಗಿದ್ದರೂ ನಾನು ಇದನ್ನೇ ಹೇಳ್ತಿದ್ದೆ.

ಮೇಷ್ಟ್ರೇ, ನೀವು ಕೇಳಿದ ಗಟ್ಟಿತನ ಇದೇ ಅಲ್ವಾ? ತನ್ನ ಜನರಲ್ಲೇ ಅತಿ ದೊಡ್ಡವನಿಗೆ ಬೇಸರ ಆಗುತ್ತೆ ಅಂತ ಗೊತ್ತಿದ್ದೂ ಹಿಂಜರಿಯಲಿಲ್ಲ. ಮೃದು ಸ್ವಭಾವದವರಿಗೆ ಹೊರಗಿನವರನ್ನ ಎದುರಿಸೋದಕ್ಕಿಂತ ತಮ್ಮವರಿಗೆ ಬೇಸರ ಮಾಡೋದೇ ಹೆಚ್ಚು ಕಷ್ಟ. ನಮ್ಮ ಮಲೆನಾಡಿನ ಮನೆಗಳಲ್ಲಿ ಆಸ್ತಿ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರ ಎದುರು ಬಾಯಿ ಬಿಡದೆ ಕೊರಗಿ ಸತ್ತವರು ಎಷ್ಟು ಜನ ಬೇಕು. ಅವರನ್ನ ಸಾಧು ಮನುಷ್ಯ ಅಂತ ಹೊಗಳ್ತೀವಿ. ನನಗಂತೂ ಸಂಕಟ ಆಗುತ್ತೆ.

ಭದ್ರಾತೀರ

ಎಲ್ಲರಿಗೂ ಧನ್ಯವಾದ. ಲೀಗ್ ಆಡಿದವರ ಪ್ರಶ್ನೆ ತಲೆಯಲ್ಲಿ ಕೂತಿತ್ತು, ಹಾಗಾಗಿ ಭಾನುವಾರ ಮ್ಯಾಚ್‌ಗೆ ಹೋಗಿ ಬೌಂಡರಿ ಹಗ್ಗದ ಹತ್ತಿರ ಕೂತೆ. ಕೇಳಲ್ಲ. ಅವನು ಕಾಲ್ ಕೊಡೋದೇ ಇಲ್ಲ, ಬರೀ ಕೈ ಅಡ್ಡ ಮಾಡ್ತಾನೆ. ಎದುರಿನ ಹುಡುಗ ಅರ್ಧ ಪಿಚ್ ಬಂದು ತಿರುಗಿ ಓಡಿದ, ಸ್ವಲ್ಪದರಲ್ಲಿ ರನೌಟ್ ತಪ್ಪಿತು. ಮತ್ತೆ ಕೋಚ್ ಹತ್ತಿರ ಹೋದೆ. ಈ ಸಲ ನಿಧಾನಕ್ಕೆ ಮಾತಾಡಿದರು. ಸಾರಿ ಕೇಳಿದ್ದಕ್ಕೆ ತಮ್ಮ ಆಕ್ಷೇಪ ಇರಲಿಲ್ಲ, ಆಮೇಲಿನ ಮೂರು ಓವರ್ ಆ ಹುಡುಗನ ಬೌಲಿಂಗ್‌ಗೆ ಇವನು ಒಂದು ಹೊಡೆತವನ್ನೂ ಹೊಡೆಯಲಿಲ್ಲ, ಅದಕ್ಕೆ ತಮಗೆ ಸಿಟ್ಟು ಬಂದದ್ದು ಅಂದರು. ಅದನ್ನ ಎಲ್ಲರ ಎದುರು ಹಾಗೆ ಹೇಳಬಾರದಿತ್ತು ಅಂತ ನಾನೂ ಹೇಳಿದೆ, ಗಟ್ಟಿಯಾಗೇ ಹೇಳಿದೆ. ಕೇಳಿಸಿಕೊಂಡರು.

ರಾತ್ರಿ ಮಗನಿಗೆ ಅಕ್ಕೋರು ಬರೆದ ಖೋ ಖೋ ಹುಡುಗಿಯ ವಿಷಯ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಅಕ್ಕ ಮುಂದಿನ ಮ್ಯಾಚ್ ಆಡಿದ್ಲಾ?" ಅಂತ ಕೇಳಿದ.

ಪೇಡೆನಗರಿ ಅಕ್ಕೋರು

ಆಡಿದ್ಲು ಅಂತ ಹೇಳ್ರಿ. ಮರುವರ್ಷ ಅಕೀನ ಕ್ಯಾಪ್ಟನ್. ಹುಡುಗ್ಯಾರ ಆರಿಸಿದ್ರು, ನಾ ಅಲ್ಲ.

ಕಾಲ್ ಕೊಡೂದಕ್ಕ ಒಂದು ಉಪಾಯ. ಮನ್ಯಾಗ ಅಲ್ಲ, ಬಯಲಿಗೆ ಕರಕೊಂಡು ಹೋಗ್ರಿ. ನೀವು ದೂರ ನಿಂದರ್ರಿ, ನಿಮಗ ಕೇಳೂತನಕ ಎಸ್, ನೋ, ವೇಟ್ ಅಂತ ಕೂಗಸ್ರಿ. ನಮ್ಮ ಹುಡುಗ್ಯಾರಿಗೆ "ಖೋ" ಅನ್ನೂದನ್ನ ನಾ ಹಿಂಗ ಕಲಸತೀನಿ. ಮೊದಲ ವಾರ ದನೀನ ಬರೂದಿಲ್ಲ. ಮನ್ಯಾಗ ಕೂಗಬ್ಯಾಡ ಅಂತ ಬೆಳಸಿರತಾರಲ್ಲ, ಗಂಟಲಾಗ ಸಿಕ್ಕೊಂಡಿರತೈತಿ.

ಲೆಕ್ಕದ ಮೇಷ್ಟ್ರು

ಮುಲ್ತಾನ್ ಉದಾಹರಣೆ ಒಪ್ಪಿದೆ. ಬಾಂಬೆ ವಿಷಯದಲ್ಲಿ ಆ ವಿಕೆಟ್ ನಮ್ಮದಲ್ಲ ಅನ್ನೋದನ್ನೂ ಒಪ್ತೀನಿ. ಆದ್ರೂ ಕಪಿಲ್‌ನ ಒಂದು ಮಾತು ಕೇಳಿ ಮಾಡಬೇಕಿತ್ತು ಅನ್ನೋದನ್ನ ಬಿಡಲ್ಲ. 2011ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡಿನ ಇಯಾನ್ ಬೆಲ್ 137ರಲ್ಲಿದ್ದಾಗ, ಚೆಂಡು ಬೌಂಡರಿಗೆ ಹೋಯ್ತು ಅಂದುಕೊಂಡು ಟೀಗೆ ನಡೆದು ರನೌಟಾದ. ಅವತ್ತು ಧೋನಿ ಟೀ ವಿರಾಮದಲ್ಲಿ ತಂಡದ ಜೊತೆ ಮಾತಾಡಿ ಅಪೀಲ್ ವಾಪಸ್ ತಗೊಂಡರು, ಎಲ್ಲರ ಒಪ್ಪಿಗೆ ಇತ್ತು ಅಂತ ದ್ರಾವಿಡ್ ಪತ್ರಕರ್ತರಿಗೆ ಹೇಳಿದರು. ಆ ಮ್ಯಾಚ್ ಕೂಡ ಸೋತ್ವಿ, 319 ರನ್‌ಗಳಿಂದ. ಆದ್ರೆ ಅಲ್ಲಿ ಯಾರ ಮನಸ್ಸಲ್ಲೂ ಮುಳ್ಳು ಉಳಿಯಲಿಲ್ಲ.

ಸ್ಕ್ವೇರ್‌ಕಟ್

ಟೀ ವಿರಾಮ ಇದ್ದರೆ ಕೇಳಬಹುದು ಮೇಷ್ಟ್ರೇ. ಟೇಲರ್ ಪೆವಿಲಿಯನ್ ಕಡೆ ತಿರುಗಿ ಆಗಿತ್ತು. ಆ ಹೊತ್ತಿನಲ್ಲಿ ಕಪಿಲ್‌ನ ಕೇಳೋಕೆ ಹೋಗಿದ್ದರೆ ಇಪ್ಪತ್ತೊಂದು ವರ್ಷದ ಹುಡುಗನ ಮೇಲೆ ಹೊಣೆ ಹಾಕಿದ ಹಾಗೆ ಆಗ್ತಿತ್ತು. ಅವನು ಬೇಡ ಅಂದಿದ್ದರೆ? ನಾಯಕ ತಾನೇ ಹೊತ್ತುಕೊಂಡ, ಬೈಗುಳವನ್ನೂ ತಾನೇ ತಿಂದ. ಇದರ ಮೇಲೆ ನಾವಿಬ್ಬರೂ ಒಪ್ಪೋ ಹಾಗೆ ಕಾಣಲ್ಲ.

ಭದ್ರಾತೀರ ಅವರೇ, ಮುಂದಿನ ಭಾನುವಾರ ಮ್ಯಾಚ್ ಎಲ್ಲಿ ಅಂತ ಇಲ್ಲೇ ಹಾಕಿ. ಹತ್ತಿರ ಇದ್ದರೆ ನಾನೂ ಬಂದು ಹಗ್ಗದ ಹತ್ತಿರ ಕೂರ್ತೀನಿ.